ಮದಲಗಿತ್ತಿ ಚಾ

ಅಟ್ಟದ ಮ್ಯಾಲಿಂದ ಗೋಣಿಚೀಲ ಇಳಿಸಿ ಬಾಯಿ ಬಿಚ್ಚಿದೆನೋ ಇಲ್ಲೋ, ಸಾಲಾಗಿ ನಾಲ್ಕು ಸೀನು ಬಂದುವು. ಮೆಣಸಿನಕಾಯಿ ಘಾಟು. ಈ ಚೀಲದಾಗ ಮೆಣಸಿನಕಾಯಿ ತುಂಬಿದ್ದು ಯಾವ ಕಾಲಕ್ಕೋ, ಆದ್ರೂ ಘಾಟು ಹೋಗಿಲ್ಲ. ಒಳಗ ಹಳೇ ಸೀರಿ ತುಂಡಿನ್ಯಾಗ ಸುತ್ತಿಟ್ಟ ಚೀನಿ ಕಪ್ಪು-ಬಶಿ. ಅಂಚಿಗೆ ನೀಲಿ ಗೆರಿ. ಒಂದು ಕಪ್ಪಿಗೆ ಹಿಡಿ ಇಲ್ಲ.

ಮಗಳ ಮದುವಿ ಮುಂದಿನ ವಾರ. ಅದಕ್ಕೂ ಮೊದಲ, ಬರೋ ರವಿವಾರ ಮಧ್ಯಾಹ್ನ, ನಮ್ಮ ರಾಣೆಬೆನ್ನೂರು ಮನ್ಯಾಗ ಬರೇ ಹೆಣ್ಣುಮಕ್ಕಳ ಚಾ ಪಾರ್ಟಿ ಮಾಡಬೇಕಂತ ಆಕಿ ಹಟ. ಮೊಬೈಲಿನ್ಯಾಗ ಚಿತ್ರ ತೋರಿಸಿದ್ಲು. ಮೂರಂತಸ್ತಿನ ತಟ್ಟಿ, ಬಟ್ಟಲದಾಗ ಗುಲಾಬಿ ಹೂವು, ಬೆರಳುದ್ದ ಸ್ಯಾಂಡ್‌ವಿಚ್. "ಇದು ಹೊಸಾ ಫ್ಯಾಶನ್ ಅವ್ವಾ, ನಿನಗ ತಿಳಿಯಂಗಿಲ್ಲ" ಅಂದ್ಲು. ನನಗ ನಗು ಬಂತು. ಹೊಸಾದಂತ, ಹೊಸಾದು! ನನ್ನ ತವರೂರು ಬ್ಯಾಡಗ್ಯಾಗ, ನಮ್ಮ ಓಣಿ ಎದುರಮನಿ ಚಿಗವ್ವ ಇದನ್ನ ಯಾವತ್ತೋ ಮಾಡಿ ಮುಗಿಸಿದ್ಲು.

ಸ್ವಂತ ಚಿಗವ್ವ ಅಲ್ಲ. ಓಣಿ ಹುಡುಗ್ಯಾರೆಲ್ಲ ಹಂಗ ಕರೀತಿದ್ವಿ. ಆಕಿಗೆ ಮೂವತ್ತು ತುಂಬೋದ್ರಾಗ ಗಂಡ ತೀರಿಕೊಂಡಿದ್ದ. ಮೆಣಸಿನಕಾಯಿ ಅಂಗಳಕ್ಕ ತೊಟ್ಟು ಮುರಿಯೋ ಕೆಲಸಕ್ಕ ಹೋಗ್ತಿದ್ಲು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ ಅಂತಾರ. ಹಂಗ ಅನ್ನೋರನ್ನ ದಿನಪೂರ್ತಿ ತೊಟ್ಟು ಮುರಿಯಾಕ ಕುಂದ್ರಸಬೇಕು, ಆಮ್ಯಾಲೆ ಕೇಳಬೇಕು.

ನಮ್ಮ ಕಡೆ ಅರಿಷಿಣ ಹಚ್ಚಾಕ ಐದು ಮಂದಿ ಮುತ್ತೈದೇರು ಬೇಕು. ಗಂಡ ಸತ್ತ ಹೆಣ್ಣುಮಗಳು ಹಂದರದೊಳಗ ಕಾಲಿಡಬಾರದು. ಚಿಗವ್ವನ್ನ ಯಾರೂ ಕರೀತಿರಲಿಲ್ಲ, ಆಕಿನೂ ಕೇಳ್ತಿರಲಿಲ್ಲ. ಆದ್ರ ಅರಿಷಿಣದ ಹಿಂದಿನ ದಿನ ಮಧ್ಯಾಹ್ನ ಮದಲಗಿತ್ತಿನ್ನ ತನ್ನ ಮನೀಗೆ ಚಾಕ್ಕ ಕರೀತಿದ್ಲು, ಜೋಡಿ ಓಣಿ ಹೆಣ್ಣುಮಕ್ಕಳನ್ನೆಲ್ಲ. "ನಾ ಬರೂಹಂಗಿಲ್ಲ ಹೌದಲ್ಲೋ, ನೀವ ಬರ್ರಿ ಹಂಗಾರ." ಗಂಡಸರಿಗೆ ಬಾಗಲಾ ಬಂದ್. ಒಗ್ಗರಣಿ ಮಂಡಕ್ಕಿ, ಮೆಣಸಿನಕಾಯಿ ಭಜಿ, ಶೇಂಗಾದ ಹೋಳಿಗಿ. ಮನ್ಯಾಗಿದ್ದ ಒಂದ ಒಂದು ಕುರ್ಚಿ ಮದಲಗಿತ್ತಿಗೆ, ಮೊದಲನೇ ಕಪ್ಪೂ ಆಕಿಗೆ. ಆಮ್ಯಾಲೆ ಸೊಂಟದ ಮ್ಯಾಲೆ ಕೈ ಇಟ್ಟು ಕೇಳ್ತಿದ್ಲು: "ಗಂಡನ ಮನ್ಯಾಗ ಏನೇನ ಮಾಡಬೇಕು ಅಂತ ಎಲ್ಲಾರೂ ಹೇಳ್ಯಾರ ನಿನಗ. ಏನ ಮಾಡಂಗಿಲ್ಲ, ಅದನ್ನ ನೀ ಹೇಳು."

ಅದನ್ನ ಹೇಳದ ಹೊರಗ ಬಿಡ್ತಿರಲಿಲ್ಲ. ಮೂಲಿಮನಿ ಹುಡುಗಿ 'ಹೊಡತ ತಿನ್ನಂಗಿಲ್ಲ' ಅಂದಿದ್ಲು. ನನ್ನ ಮದುವಿ ಗೊತ್ತಾಗಿ ನನ್ನ ಸರದಿ ಬಂತು. 'ತಣ್ಣಗಾದ ಚಾ ಕುಡಿಯಂಗಿಲ್ಲ' ಅಂದೆ. ನಮ್ಮವ್ವ ಎಲ್ಲಾರಿಗೂ ಕೊಟ್ಟು, ಕಡೀಕ ಕೆನಿಗಟ್ಟಿದ ಚಾ ಕುಡಿಯೋದು ನೋಡಿ ನೋಡಿ ಸಾಕಾಗಿತ್ತು ನನಗ. ಎಲ್ಲಾರೂ ನಕ್ಕರು. ಚಿಗವ್ವ ಮಾತ್ರ "ನೆಪ್ಪಿಟ್ಕೋ ಮತ್ತ" ಅಂದ್ಲು.

ಮರುದಿನ ಅರಿಷಿಣ. ಮುತ್ತೈದೇರು ಮೆಣಸಿನಕಾಯಿ ಅಂಗಳದಿಂದ ಸೀದಾ ಬಂದಿದ್ರು. ಲಗೂ ಮುಗಿಸಿ ಮತ್ತ ಕೆಲಸಕ್ಕ ಹೋಗೋ ಅವಸರ. ಬರೇ ನೀರಿಲೆ ಕೈ ತೊಳಕೊಂಡಿದ್ರು. ಆ ಖಾರ ನೀರಿಗೆ ಜಗ್ಗಂಗಿಲ್ಲ, ಎಣ್ಣಿ ತಿಕ್ಕಿ ತೊಳೀಬೇಕು. ಐದೂ ಮಂದಿ ಗಲ್ಲಕ್ಕ ಅರಿಷಿಣ ಹಚ್ಚಿ ಮುಗಿಸೋದ್ರಾಗ ನನ್ನ ಮಾರಿ ಧಗಧಗ ಉರಿಯಾಕತ್ತು. ಕಣ್ಣು ಬಿಡಾಕ ಆಗವಲ್ತು. ಗೋಳೋ ಅಂತ ಅತ್ತೆ. ಅವರಾಗ ಒಬ್ಬಾಕಿ ಅಂದ್ಲು: "ನಿನ್ನೆ ಗಂಡ ಸತ್ತಾಕಿ ಕೈಲೆ ಚಾ ಕುಡದು ಬಂದಾಳಲ್ಲ, ಮತ್ತೇನಾಗತೈತಿ?"

ಎದುರಮನಿಗೆ ಅದು ಕೇಳಿಸ್ತು. ಚಿಗವ್ವ ಒಂದು ಕೈಯಾಗ ಎಣ್ಣಿ ಬಟ್ಟಲ, ಇನ್ನೊಂದು ಕೈಯಾಗ ಮಜ್ಜಿಗಿ ಚರಗಿ ಹಿಡಕೊಂಡು ಹಂದರದೊಳಗ ನೆಟ್ಟಗ ನಡಕೊಂಡು ಬಂದ್ಲು. ನನ್ನ ಮುಂದ ಕುಂತು, ಮಾರಿಗೆ ಎಣ್ಣಿ ಹಚ್ಚಿ ಒರಸಿ, ಮಜ್ಜಿಗಿಲೆ ತೊಳದ್ಲು. ಉರಿ ಇಳೀತು. ಆಮ್ಯಾಲೆ ಮುತ್ತೈದೇರ ಕಡೆ ತಿರುಗಿ, "ನನ್ನ ಚಾದ್ದಲ್ಲ ಇದು, ನಿಮ್ಮ ಕೈಯಾಂದು. ಮೂಸಿ ನೋಡ್ಕೋರಿ" ಅಂದ್ಲು. ಒಬ್ಬಾಕಿ ಖರೇನ ಮೂಸಿ ನೋಡಿ ಸೀನಿದ್ಲು. ಆದ್ರೂ ನಮ್ಮವ್ವ, "ಸಾಕು, ನೀ ನಡೀ ಇನ್ನ" ಅಂದ್ಲು. ಚಿಗವ್ವ ನನ್ನ ಕಡೆ ನೋಡಿದ್ಲು. 'ಇರಲಿ, ಕುಂದ್ರು' ಅಂತ ನಾ ಒಂದ ಮಾತು ಅಂದಿದ್ರ ಸಾಕಿತ್ತು... ನಾ ನೆಲಾ ನೋಡಕೋತ ಕುಂತೆ.

ಆಮ್ಯಾಲೆ ಓಣಿ ತಾಯಂದಿರು ಮಕ್ಕಳನ್ನ ಆಕಿ ಚಾಕ್ಕ ಕಳಸೋದು ಬಿಟ್ರು. ನಾ ಮೊದಲನೇ ಪಂಚಮಿಗೆ ತವರಿಗೆ ಹೋದಾಗ ಈ ಚೀಲ ತಂದು ಕೊಟ್ಲು. "ನನ್ನ ಮನೀಗೆ ಯಾರೂ ಬರವಲ್ಲರು. ನಿನ್ನ ಮನೀಗೆ ಬರ್ತಾರ, ತಗೋ." ದನಿಯಾಗ ಸಿಟ್ಟು ಇರಲಿಲ್ಲ. ಬೈದಿದ್ರ ಬರೋಬ್ಬರಿ ಇತ್ತು. ಆಕಿ ತೀರಿಕೊಂಡದ್ದು ನನಗ ತಿಳಿದದ್ದು ತಿಂಗಳಾದ ಮ್ಯಾಲೆ. ಚೀಲ ಅಟ್ಟದ ಮ್ಯಾಲ ಇತ್ತು, ಬಿಚ್ಚಿರಲಿಲ್ಲ...

ನನ್ನ ಗಂಡ ಹೋಗಿ ಈಗ ಮೂರು ವರ್ಷ. ನಿನ್ನೆ ಹಲಗೇರಿಯಿಂದ ನಾದಿನಿ ಫೋನ್ ಮಾಡಿದ್ಲು. "ವೈನಿ, ರವಿವಾರ ನೀವು ಅಡಗಿಮನ್ಯಾಗ ಇದ್ದುಬಿಡ್ರಿ. ಚಾ ಸೋಸಿ ಕೊಡ್ರಿ, ನಾವು ಹಂಚತೇವಿ. ಅರಿಷಿಣದ ದಿನಾನೂ ಹಂಗ. ಹುಡುಗಿ ಒಳ್ಳೇದಕ್ಕ ಹೇಳಾಕತ್ತೇನಿ" ಅಂದ್ಲು. ಮೈಯೆಲ್ಲ ಉರೀತು ನನಗ. ಹೆತ್ತಾಕಿ ನಾನು, ನನ್ನ ಮಗಳ ಒಳ್ಳೇದು ನನಗ ಕಲಸ್ತಾಳ.

"ಚಾ ನಾನ ಮಾಡ್ತೇನಿ, ಹೊರಗ ನಾನ ತರ್ತೇನಿ" ಅಂದೆ. "ಮೊದಲನೇ ಕಪ್ಪು ಮಗಳಿಗೆ ಕೊಡ್ತೇನಿ. ಎರಡನೇದು ಆಕಿ ಬಾಜೂಕ ಕುಂತು ನಾ ಕುಡೀತೇನಿ, ಬಿಸಿ ಇದ್ದಾಗ. ಅರಿಷಿಣಾನೂ ನಾನ ಹಚ್ಚತೇನಿ. ನಿನಗ ಬರೋ ಮನಸಿದ್ರ ಬಾ, ಇಲ್ಲಂದ್ರ ನಿನ್ನ ಕಪ್ಪು ಬ್ಯಾರೇ ಯಾರಿಗಾರ ಆಕ್ಕೈತಿ."

ಫೋನ್ ಇಟ್ಲು. ನಾ ಅಷ್ಟಕ್ಕ ಬಿಡಲಿಲ್ಲ. ನಮ್ಮ ಮನಿ ಹಿಂದಿನ ಓಣಿಯಾಗ ಗಂಡನ್ನ ಕಳಕೊಂಡೋರು ಇಬ್ಬರು ಇದಾರ, ಹೋಗಿ ಅವರನ್ನೂ ಕರದು ಬಂದೆ.

ಮಗಳು ಕಪ್ಪು ತೊಳದು ಬಿಸಲಿಗೆ ಇಟ್ಟಾಳ. ಗುಲಾಬಿ ಬಟ್ಟಲ, ಮೂರಂತಸ್ತಿನ ತಟ್ಟಿ ಎಲ್ಲಾ ಆಕಿ ಇಷ್ಟದಂಗ ಆಗಲಿ, ಮೆಣಸಿನಕಾಯಿ ಭಜಿ ಮಾತ್ರ ನಂದು. ಗಂಡನ ಮನ್ಯಾಗ ಏನ ಮಾಡಂಗಿಲ್ಲ ಅಂತ ರವಿವಾರ ಹೇಳಬೇಕು, ವಿಚಾರ ಮಾಡಿ ಇಟ್ಕೋ ಅಂತ ಆಕಿಗೆ ಹೇಳೇನಿ. "ನೀ ಏನಂದಿದ್ದಿ ಅವ್ವಾ?" ಅಂತ ಕೇಳಿದ್ಲು. ಹೇಳಿದೆ. "ಮತ್ತ ದಿನಾ ತಣ್ಣನ್ನ ಚಾನ ಕುಡೀತಿ?" ಅಂದ್ಲು.

ಖರೇ ಐತಿ, ಚಿಗವ್ವಾ. ಇಪ್ಪತ್ತೈದು ವರ್ಷ ಕುಡದೇನಿ. ಕೊಟ್ಟ ಮಾತು ರವಿವಾರದಿಂದ ನಡಸ್ತೇನಿ. ನಿನ್ನ ಕುರ್ಚಿ ಹಂಗ ಒಂದು ಕುರ್ಚಿ ನಡುವ ಹಾಕ್ತೇನಿ, ಬಾಜೂಕ ನನಗೊಂದು. ಅವತ್ತು ಹಂದರದಾಗ ನಿನಗ 'ಕುಂದ್ರು' ಅನ್ನಬೇಕಾಗಿತ್ತು... ಈಗ ಅನ್ನಾಕ ನನಗ ಯಾರ ಅಂಜಿಕಿನೂ ಇಲ್ಲ. ನೀನೂ ಇಲ್ಲ.