ಪಾಪಸುಕಳ್ಳಿಯ ಮೇಲಿನ ಕಳ್ಳ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಹಾಕಾ ಕಣಿವೆಯ ಹಳ್ಳಿಯೊಂದರ ಚಪ್ಪರದಡಿ ನಿಸೆಫೊರಾ ಪಾಪಸುಕಳ್ಳಿಯ ಎಲೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ತಲೆಯಲ್ಲಿ ಹೇನು ಹುಡುಕುವವರಂತೆ ನೋಡುತ್ತಿದ್ದಾರೆ. ಎಲೆಯ ತುಂಬ ಬಿಳಿ ಹಿಟ್ಟು ಮೆತ್ತಿಕೊಂಡ ಬಣ್ಣದ ಹುಳುಗಳು. ಒಣಗಿಸಿ ಅರೆದರೆ ಉಣ್ಣೆಗೆ ಕಡುಗೆಂಪು ಬಣ್ಣ. ಕೋಳಿಗರಿಯ ತುದಿಯಿಂದ ಒಂದೊಂದನ್ನೂ ಮುಟ್ಟುತ್ತಾರೆ.

"ಸುಮ್ನೆ ಕೂತಿದ್ರೆ ನಂದು. ನಡೆದ್ರೆ ಕಳ್ಳ."

ದಿನಕ್ಕೆ ನೂರಿಪ್ಪತ್ತು ಎಲೆ. ಹುಳು ಬಲಿಯಲು ಮೂರು ತಿಂಗಳು. ಗಂಡ ತೀರಿಕೊಂಡ ಮೇಲೆ ಐವತ್ತೆಂಟರ ಈಕೆಗೆ ಉಳಿದಿರುವುದು ಈ ಕಸುಬೊಂದೇ. ಯಾರನ್ನೂ ಚಪ್ಪರದೊಳಗೆ ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ.

ಹೋದ ವರ್ಷ ಎಲೆಗಳು ಬರಿದಾಗತೊಡಗಿದವು. ಉಳಿದ ಬಿಳಿ ಚುಕ್ಕೆಗಳನ್ನು ಹಿಸುಕಿದರೆ ಕೆಂಪೇ ಬರುತ್ತಿತ್ತು. ಅವೆಲ್ಲ ತಮ್ಮ ಹುಳುಗಳೇ ಎಂದುಕೊಂಡರು. ಹಾಗಾದರೆ ಮಿಕ್ಕವನ್ನು ಒಯ್ದವರು ಯಾರು? ಗೋಡೆಯಾಚೆ ಇದೇ ಕಸುಬಿನ ನಾದಿನಿ ಎಡುವಿಗೆಸ್. ಆಕೆಯ ಅಂಗಳದಲ್ಲಿ ಆಗಷ್ಟೇ ಕೆಂಪು ನೂಲು ಒಣಗುತ್ತಿತ್ತು. ನಿಸೆಫೊರಾ ನೆಲಕ್ಕೆ ಬೂದಿ ಚೆಲ್ಲಿ ಕಾದರು. ಬೆಳಿಗ್ಗೆ ನೋಡಿದರೆ ಬೂದಿಯ ಮೇಲೆ ತಮ್ಮದೇ ಹೆಜ್ಜೆ.

"ಗೋಡೆ ಹಾರಿ ಬರ್ತಾಳೆ, ಬಲು ಚಾಲಾಕಿ ಅಂದ್ಕೊಂಡೆ."

ಕೊನೆಗೆ ನಲ್ಲಿಯ ಹತ್ತಿರ, ನಾಲ್ಕು ಜನರೆದುರು, ನಾದಿನಿಯನ್ನು ಕಳ್ಳಿ ಅಂದೇಬಿಟ್ಟರು. ಎರಡು ತಿಂಗಳು ಮಾತಿಲ್ಲ.

ಆಮೇಲೊಂದು ಮುಂಜಾನೆ ಬಿಳಿ ಚುಕ್ಕೆಯೊಂದು ಎದ್ದು ನಡೆಯಿತು. ಬಲಿತ ಬಣ್ಣದ ಹುಳು ಕೂತಲ್ಲಿಂದ ಕದಲುವುದಿಲ್ಲ. ಎಲೆಯ ಸಮೇತ ಅದನ್ನು ಗಾಜಿನ ಭರಣಿಗೆ ಹಾಕಿಟ್ಟರು. ಕೆಲವು ವಾರಗಳಲ್ಲಿ ಆ ಬಿಳಿ ಹೊದಿಕೆಯೊಳಗಿಂದ ಎಳ್ಳಿನಷ್ಟು ಗಾತ್ರದ ಗುಲಗಂಜಿ ಹುಳು ಹೊರಬಂತು. ಊರಲ್ಲಿ ಅದಕ್ಕೊಂದು ಹೆಸರೂ ಇಲ್ಲ. ಮರಿಯಾಗಿದ್ದಾಗ ಬಣ್ಣದ ಹುಳುವಿನಂತೆಯೇ ಬಿಳಿ ಹೊದ್ದು, ಅದನ್ನೇ ತಿಂದು, ಒಳಗೆಲ್ಲ ಕೆಂಪಾಗಿರುತ್ತದೆ.

ಅಷ್ಟರಲ್ಲಿ ಮುಂದಿನ ಬೆಳೆಗೆ ಒಂದು ತಾಯಿಹುಳುವೂ ಉಳಿದಿರಲಿಲ್ಲ. ಇದ್ದದ್ದು ಎಡುವಿಗೆಸ್ ಬಳಿ ಮಾತ್ರ.

"ಬೈದ್ರೆ ಬೈಲಿ ಅಂತ ಭರಣಿ ಹಿಡ್ಕೊಂಡು ಹೋದೆ."

ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದ ನಾದಿನಿ ಭರಣಿಯೊಳಗೆ ಇಣುಕಿದರು. "ಓಹೋ, ಇವನೇನಾ ನನ್ನ ಹೆಸರಲ್ಲಿ ಕದ್ದೋನು? ನನಗಿಂತ ಸ್ವಲ್ಪ ತೆಳ್ಳಗಿದ್ದಾನೆ."

ಆಮೇಲೆ ಒಳಗೆ ಹೋಗಿ ತಾಯಿಹುಳುಗಳಿದ್ದ ಎಲೆಯೊಂದನ್ನು ತಂದು ಕೊಟ್ಟರು. "ನಲವತ್ತಿದೆ. ಇಲ್ಲೇ ಎಣಿಸ್ಕೊ ಅತ್ತಿಗೆ. ನಾಳೆ ಕಡಿಮೆ ಇತ್ತು ಅಂತ ಮತ್ತೆ ನಲ್ಲಿ ಹತ್ರ ಸಾರ್ತೀಯ."

ಎಣಿಸಿದಿರಾ ಎಂದರೆ ನಿಸೆಫೊರಾ ಗೋಡೆಯ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ಅವಳೆದುರಿಗೆ ಇಲ್ಲ. ಮನೆಗೆ ಬಂದು, ಬಾಗಿಲು ಹಾಕ್ಕೊಂಡು ಎಣಿಸಿದೆ. ನಲವತ್ತಾರಿತ್ತು."

ಈಗ ಚಪ್ಪರದಲ್ಲಿರುವುದೆಲ್ಲ ಅವುಗಳ ಸಂತಾನವೇ.

"ಆ ಆರಕ್ಕೆ ಅವಳಿಗೊಂದು ಒಳ್ಳೆ ಮಾತು ಹೇಳ್ಬೇಕು ಅಂತ ಆಸೆ. ಆದ್ರೆ ಹೇಳಿದ್ರೆ, ಎಣಿಸಿದ್ದು ಗೊತ್ತಾಗುತ್ತಲ್ಲ!"