ಒಂದು ಗೆರೆ ಜಿನ್

ನಲವತ್ತು ವರ್ಷ ಡಾಕ್ಟರರ ಕೈಕೆಳಗೆ ಮದ್ದು ಕಲಸಿ ನಿವೃತ್ತರಾದ ಕಾಂಪೌಂಡರಿಗೆ ಒಂದು ಕೊರಗಿತ್ತು. ಅವರ ಕೆಂಪು ಮಿಕ್ಸ್ಚರಿನಿಂದ ಅರ್ಧ ಊರಿನ ಕೆಮ್ಮು ವಾಸಿಯಾಗಿದ್ದರೂ, ಕುಡಿದವರಲ್ಲಿ ಒಬ್ಬನೇ ಒಬ್ಬ ಚೆನ್ನಾಗಿದೆ ಎಂದವನಿಲ್ಲ. ಎಲ್ಲರೂ ಮುಖ ಹಿಂಡಿಕೊಂಡು ಕುಡಿದು, ಅರ್ಧ ಬಾಟಲಿ ಹಾಗೇ ಬಿಟ್ಟವರೇ. ಹೆಂಡತಿಯ ಅಣ್ಣನಂತೂ ಈ ಮನೆಯ ಕಾಫಿಯಲ್ಲೂ ಆಸ್ಪತ್ರೆ ವಾಸನೆ ಹುಡುಕುವ ಆಸಾಮಿ.

ಆ ಭಾನುವಾರ ಸಂಜೆ ಭಾವ ಬರುವವನಿದ್ದ. ಇವತ್ತು ಅವನ ಬಾಯಿಂದ ಆ ಒಂದು ಮಾತು ಹೊರಡಿಸದೆ ಬಿಡುವುದಿಲ್ಲ ಎಂದು ಕಾಂಪೌಂಡರು ಪಣ ತೊಟ್ಟು, ಕಾಕ್‌ಟೇಲ್ ಕಲಸಲೆಂದು ಜಿನ್ನು, ನಿಂಬೆಹಣ್ಣು ತಂದರು.

ಅಳತೆಯಲ್ಲಿ ಅವರನ್ನು ಮೀರಿಸುವವರುಂಟೇ? ಗೆರೆಯಿರುವ ಗಾಜಿನ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಜಿನ್ ಎರಡು ಪಾಲು, ಸೋಸಿದ ನಿಂಬೆರಸ ಒಂದು ಪಾಲು, ಸಕ್ಕರೆ ಪಾಕ ಮುಕ್ಕಾಲು ಪಾಲು ಅಳೆದರು. ಕುಲುಕಲು ಬೇರೆ ಪಾತ್ರೆ ಸಿಗದೆ, ಹಳೆಯ ಮದ್ದಿನ ಬಾಟಲಿಯನ್ನೇ ತೊಳೆದು, ಎಲ್ಲವನ್ನೂ ಅದಕ್ಕೆ ಸುರಿದು, ಐಸ್ ಪುಡಿ ತುಂಬಿ, ಬಿರಡೆ ಜಡಿದು, ತೋಳು ಬೀಳುವಂತೆ ಕುಲುಕಿದರು. ರುಚಿ ಮಾತ್ರ ನೋಡಲಿಲ್ಲ. ಕಲಸಿದ ಮದ್ದನ್ನು ಕಾಂಪೌಂಡರು ಬಾಯಿಗೆ ಹಾಕಿಕೊಳ್ಳುವ ಪದ್ಧತಿ ಎಲ್ಲಿದೆ? ಆಮೇಲೆ ಅವರ ಕೈ ಅವರನ್ನು ಕೇಳದೆಯೇ ಕಾಗದದ ಪಟ್ಟಿಯೊಂದನ್ನು ಮಡಚಿ, ಕಚ್ಚು ಕಚ್ಚಾಗಿ ಕತ್ತರಿಸಿ, ಗೆರೆಗೊಂದು ಡೋಸಿನ ಗುರುತಾಗಿ ಬಾಟಲಿಯ ಮೈಗೆ ಅಂಟಿಸಿಬಿಟ್ಟಿತು.

ಭಾವ ಬಂದು ಕೂತ. ಕಾಂಪೌಂಡರು ಒಂದೇ ಒಂದು ಗೆರೆ ಬಗ್ಗಿಸಿ ಕೊಟ್ಟರು. ಬಾಟಲಿ ಕಂಡೊಡನೆ ಭಾವನ ಮುಖ ಹುಳ್ಳಗಾಯಿತು. ತನಗೇನೂ ಕಾಯಿಲೆಯಿಲ್ಲವೆಂದು ಗೊಣಗಿದ. ತಂಗಿ ಅವನತ್ತ ಕಣ್ಣು ಬಿಟ್ಟಳು. ಅವನು ಮೂಗು ಹಿಡಿದು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಇಳಿಸಿದ.

ಭಾವ ಒಂದು ಕಣ್ಣು ತೆರೆದ. ತುಟಿ ಚಪ್ಪರಿಸಿ ಇನ್ನೊಂದನ್ನೂ ತೆರೆದ.

"ಚೆನ್ನಾಗಿದೆ ರೀ," ಎಂದು ಲೋಟ ಮುಂದೆ ಹಿಡಿದ. "ಇನ್ನೊಂದ್ ಸ್ವಲ್ಪ ಹಾಕಿ."

ಸಂತೋಷಕ್ಕೆ ಕಾಂಪೌಂಡರು ಬಾಟಲಿಯನ್ನು ಎದೆಗೊತ್ತಿಕೊಂಡರು. ಏನಾದರೂ ಒಳ್ಳೆಯ ಮಾತಾಡಬೇಕೆಂದು ಬಾಯಿ ತೆರೆದರೆ, ಹೊರಬಿದ್ದದ್ದು ನಲವತ್ತು ವರ್ಷದ ಅಭ್ಯಾಸ.

"ಈಗಲ್ಲ ಭಾವ. ಆರು ಗಂಟೆ ಬಿಟ್ಟು ತಗೋಬೇಕು."

ಹೆಂಡತಿ ಅವರ ಕೈಯಿಂದ ಬಾಟಲಿ ಕಿತ್ತುಕೊಂಡು ಅಣ್ಣನಿಗೆ ಮೂರು ಗೆರೆ, ತನಗೆ ಮೂರು ಗೆರೆ ಬಗ್ಗಿಸಿದಳು. ಕಾಂಪೌಂಡರಿಗೆ ಒಂದು ತೊಟ್ಟೂ ಉಳಿಯಲಿಲ್ಲ. ತಾವು ಕಲಸಿದ್ದನ್ನು ಜನ ಕಡೆಯ ಹನಿಯವರೆಗೂ ಕುಡಿದದ್ದು ಅದೇ ಮೊದಲು. ಅವರು ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಾ, ಕಣ್ಣೊರೆಸಿಕೊಳ್ಳುತ್ತಾ, ಬಹಳ ಹೊತ್ತು ಹಾಗೇ ನಿಂತಿದ್ದರು.