ಎರಡೂ ಬಲತೋಳು

ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಉದ್ದನೆಯ ಮೇಜಿದೆ. ಎಷ್ಟು ಒರೆಸಿದರೂ ಅದರ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿ ಇದ್ದೇ ಇರುತ್ತದೆ. ನನ್ನಲ್ಲಿ ಹೊಲಿಗೆ ಕಲಿಯಲು ಬರುವವರಿಗೆ ತಮ್ಮ ಮೇಲೆಷ್ಟು ನಂಬಿಕೆಯೆಂದು ಆ ಪುಡಿಯನ್ನು ನೋಡಿಯೇ ಹೇಳಬಹುದು. ಕುಪ್ಪೇಲೂರಿನ ಗಿರಿಜಾ ಗೆರೆ ಎಳೆಯುವಳು, ಅಳಿಸುವಳು, ಮತ್ತೆ ಎಳೆಯುವಳು. ಅವಳ ಕಡೆ ಪುಡಿಯ ರಾಶಿ. ಹಲಗೇರಿಯ ಶಾಂತಾಳ ಕಡೆ ಬರೀ ಕತ್ತರಿಸಿದ ಚೂರು.

ತಂಗಿಯ ಮದುವೆಗೆ ತೆಗೆದ ರೇಷ್ಮೆ ಸೀರೆಯ ಜಂಪರ್ ಪೀಸು, ಅಂದರೆ ರವಿಕೆಯ ಬಟ್ಟೆ, ಗಿರಿಜಾಳ ಚೀಲದಲ್ಲಿ ಮಡಚಿದಂತೆಯೇ ಇತ್ತು. ತಾನೇ ಹೊಲಿದು ತೊಟ್ಟುಕೊಂಡು ಬರುವುದಾಗಿ ಕಾಯಿನ್ ಬಾಕ್ಸ್ ಫೋನಿನಲ್ಲಿ ಬ್ಯಾಡಗಿಯ ತವರಿಗೆ ಹೇಳಿಬಿಟ್ಟಿದ್ದಳು. ಮದುವೆ ಹತ್ತಿರವಾದಂತೆ, "ಟೇಲರ್‌ಗೇ ಕೊಡ್ತೀನ್ರೀ ಅಕ್ಕಾರ, ನನ್ನ ಕೈಲೆ ಆಗಂಗಿಲ್ಲ" ಎಂಬ ರಾಗ ಶುರುವಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಶಾಂತಾ ತನ್ನ ಹೂವಿನ ಬಟ್ಟೆಯನ್ನು ಸರಸರ ಕತ್ತರಿಸಿ ಮುಗಿಸಿದಳು. ನೋಡಿದರೆ ಎರಡೂ ಬಲಗೈಯ ತೋಳುಗಳು! ಬಟ್ಟೆಗೆ ಒಳಮೈ ಹೊರಮೈ ಉಂಟೆಂಬುದನ್ನು ಮರೆತು ಒಂದೇ ಮಗ್ಗುಲಲ್ಲಿ ಎರಡು ಸಲ ಕತ್ತರಿ ಆಡಿಸಿದ್ದಳು.

"ಎಡಗೈ ಎಲ್ಲಿ ಇಟ್ಕೋತೀ ಶಾಂತವ್ವಾ?" ಎಂದೆ.

"ಸೆರಗಿನಾಗ ಮುಚ್ಕೋತೀನ್ರೀ," ಎಂದು ನಕ್ಕಳು. ಮುಖ ಮಾತ್ರ ಸಣ್ಣದಾಗಿತ್ತು.

ತಿದ್ದುವ ಕೆಲಸವನ್ನು ಗಿರಿಜಾಳಿಗೆ ಒಪ್ಪಿಸಿ ನಾನು ಎದ್ದು ಪಕ್ಕಕ್ಕೆ ಸರಿದೆ. "ನನಗೇನ್ ಬರ್ತೈತ್ರೀ" ಎನ್ನುತ್ತಲೇ ಅವಳು ಹಳೆಯ ಬಟ್ಟೆಯೊಂದನ್ನು ಹೊರಮೈಗೆ ಹೊರಮೈ ಕೂಡುವಂತೆ ಮಡಚಿದಳು. ಎರಡೂ ಪದರ ಒಟ್ಟಿಗೆ ಕತ್ತರಿಸಿದರೆ ಒಂದು ಎಡ, ಒಂದು ಬಲ ತಾನಾಗಿ ಬರುವುದನ್ನು ತೋರಿಸಿದಳು. ಕಂಕುಳ ಮುಂದಿನ ತಿರುವು ಯಾಕೆ ತುಸು ಆಳವಿರಬೇಕೆಂಬುದನ್ನೂ ಬಿಡದೆ ಹೇಳಿದಳು.

"ಇಷ್ಟೆಲ್ಲಾ ಗೊತ್ತಿದ್ದು ಕತ್ರಿ ಕಂಡ್ರ ಯಾಕ ನಡಗ್ತೀಯಬೇ?" ಎಂದಳು ಶಾಂತಾ. ತನ್ನ ಮಾತನ್ನು ತಾನೇ ಈಗಷ್ಟೇ ಕೇಳಿಸಿಕೊಂಡವಳಂತೆ ಗಿರಿಜಾ ನಿಂತಿದ್ದಳು.

ನೀವೂ ಕಂಡಿರಬೇಕು: ತಪ್ಪು ಎಲ್ಲೆಲ್ಲಿ ಅಡಗಿರುತ್ತದೆಂದು ತಿಳಿಯದವರಿಗೆ ಊರೆಲ್ಲ ಬಯಲು, ತಿಳಿದವರಿಗೆ ಹೆಜ್ಜೆಗೊಂದು ತಗ್ಗು. ತಿಳಿದವರು ಆ ತಿಳಿವಳಿಕೆಗೇ ಅಂಜಿಕೆಯೆಂದು ಹೆಸರಿಟ್ಟು, ತಮಗೇನೂ ಬಾರದೆಂದು ತೀರ್ಮಾನಿಸಿಬಿಡುತ್ತಾರೆ. ನನ್ನ ಹೊಗಳಿಕೆಗೆಲ್ಲ ಕದಲದ ಗಿರಿಜಾ, ಇನ್ನೊಬ್ಬಳಿಗೆ ಹೇಳಿಕೊಡುವಾಗ ತನ್ನ ಬಳಿ ಏನಿದೆಯೆಂದು ಕಂಡಳು. ಕಲಿಸುವವರು ಆಗೀಗ ಎದ್ದು ತಮ್ಮ ಜಾಗ ಬಿಟ್ಟುಕೊಡಬೇಕೇನೋ.

ಮರುದಿನ ಅವಳು ಮದುವೆಯ ಪೀಸನ್ನು ಮೇಜಿನ ಮೇಲೆ ಹಾಸಿ, ಒಂದೇ ಸಲಕ್ಕೆ ಗೆರೆ ಎಳೆದು ಕತ್ತರಿ ಎತ್ತಿಕೊಂಡಳು.

"ಏ, ತಡಿಯಬೇ! ಒಳಮೈ ಹೊರಮೈ ನೋಡೀದಿ ಇಲ್ಲೋ? ಇನ್ನೊಮ್ಮೆ ಅಳತಿ ಹಿಡಿ!" ಎಂದು ಗಾಬರಿಯಿಂದ ಅವಳ ಕೈ ಹಿಡಿದವಳು ಶಾಂತಾ.

"ನೋಡೇನಿ. ಕೈ ಬಿಡು," ಎಂದಳು ಗಿರಿಜಾ. ಕತ್ತರಿ ರೇಷ್ಮೆಯೊಳಗೆ ಇಳಿಯಿತು.